ನರೆ ಬಂದರೆ ಭಯವೇಕೆ?



ಸೂರಃ ಅರ್ರೂಮ್‌ನ 54ನೇ ಸೂಕ್ತವು ಮನುಷ್ಯನ ಆಯುಷ್ಯವನ್ನು ಮೂರು ಘಟ್ಟಗಳಲ್ಲಿ ತೋರಿಸುತ್ತದೆ: ಎಳೆತನದ ಬಲಹೀನತೆ, ಯೌವನದ ಬಲ, ಆಮೇಲೆ ಮತ್ತೆ ಬಲಹೀನತೆ ಮತ್ತು ನರೆ. ಮೂರನ್ನೂ ಕೊಡುವವನು ಅಲ್ಲಾಹನೇ. ಮೊದಲ ಎರಡನ್ನು ಅನುಗ್ರಹವೆಂದು ಸ್ವೀಕರಿಸುವ ನಾವು ಮೂರನೆಯದು ಬಂದಾಗ ಮಾತ್ರ ಏನೋ ಕೆಡುಕಾಯಿತೆಂಬಂತೆ ಬೆಚ್ಚುತ್ತೇವೆ.

ಈ ಭಯ ಬರೀ ಮರಣದ್ದಲ್ಲ. “ಮಕ್ಕಳಿಗೆ ಭಾರವಾಗಬಾರದು ಹಝ್ರತ್, ಕೈಕಾಲು ಗಟ್ಟಿಯಿರುವಾಗಲೇ ಹೋಗಿಬಿಡಬೇಕು” ಎಂದು ಹಿರಿಯರು ಹೇಳುವುದನ್ನು ನಾವು ಮಸೀದಿಯಲ್ಲಿ ಎಷ್ಟೋ ಬಾರಿ ಕೇಳುತ್ತೇವೆ. ಆ ಮಾತಿನ ಹಿಂದಿರುವುದು ನಿಷ್ಪ್ರಯೋಜಕರಾಗುವ ಭಯ. ಆದರೆ ಕಷ್ಟ ಬಂದಿತೆಂದು ಮರಣವನ್ನು ಬಯಸುವುದನ್ನು ಪ್ರವಾದಿ(ಸ) ತಡೆದಿದ್ದಾರೆ. ಬದುಕು ಒಳಿತಾಗಿರುವವರೆಗೆ ಬದುಕನ್ನೂ, ಮರಣ ಒಳಿತಾದಾಗ ಮರಣವನ್ನೂ ಕೊಡೆಂದು ಬೇಡಲು ಕಲಿಸಿದ್ದಾರೆ.

ಹಾಗಾದರೆ ಹೆದರುವುದು ಈಮಾನಿನ ಕೊರತೆಯೇ? ಅಲ್ಲ. ಬುದ್ಧಿ ಮಂಕಾಗಿ ಪರಾಧೀನವಾಗುವ ಇಳಿವಯಸ್ಸಿನಿಂದ ಸ್ವತಃ ಪ್ರವಾದಿ(ಸ) ಅಲ್ಲಾಹನ ಅಭಯ ಬೇಡುತ್ತಿದ್ದರು. ಶಿಕ್ಷಕರು ಅಕ್ಷರ ಕಲಿಸುವಂತೆ ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಆ ದುಆವನ್ನು ತಮ್ಮ ಮಕ್ಕಳಿಗೆ ಕಲಿಸುತ್ತಿದ್ದರೆಂದು ಬುಖಾರಿಯಲ್ಲಿದೆ. ಭಯ ಬರುವುದು ಸಹಜ. ಅದನ್ನು ಒಳಗೊಳಗೇ ಕೊರಗಲು ಬಿಡದೆ ದುಆ ಆಗಿಸಬೇಕು. ಪ್ರವಾದಿ ಝಕರಿಯ್ಯಾ(ಅ) ಮಾಡಿದ್ದೂ ಅದನ್ನೇ. ಮೂಳೆ ಸವೆದು ತಲೆ ನರೆತಿರುವುದನ್ನು ಅವರು ಅಲ್ಲಾಹನ ಮುಂದೆ ಮುಚ್ಚಿಡದೆ ಹೇಳಿಕೊಂಡರು, ಆ ವಯಸ್ಸಿನಲ್ಲೂ ಸಂತಾನ ಬೇಡಿದರು, ಯಹ್ಯಾ(ಅ)ರನ್ನು ಪಡೆದರು.

ಎರಡನೆಯ ಮಾತು ಆರಾಧನೆಯದ್ದು. ಮಂಡಿ ಬಾಗದೆ ಕುರ್ಚಿಯಲ್ಲಿ ಕೂರಬೇಕಾಗುತ್ತದೆಂದು ನಾಚಿ ಜಮಾಅತ್‌ಗೆ ಬರುವುದನ್ನೇ ಬಿಡುವ ಹಿರಿಯರಿದ್ದಾರೆ. ಫರ್ಝ್ ನಮಾಝ್‌ನಲ್ಲಿ ನಿಲ್ಲಲು ಶಕ್ತಿಯಿರುವವರು ನಿಲ್ಲಲೇಬೇಕು, ನಿಜ. ಆದರೆ ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ನಮಾಝ್ ಮಾಡಬೇಕೆಂದು ಕಾಯಿಲೆಯಿಂದ ಬಳಲುತ್ತಿದ್ದ ಹ. ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿ(ಸ) ತಿಳಿಸಿದ್ದರು. ಪ್ರವಾದಿ(ಸ)ರೇ ವಯಸ್ಸಾದ ಮೇಲೆ ರಾತ್ರಿಯ ನಮಾಝ್‌ನಲ್ಲಿ ಕುಳಿತು ಓದುತ್ತಿದ್ದರು, ಮೂವತ್ತು ನಲವತ್ತು ಆಯತ್‌ಗಳು ಉಳಿದಾಗ ಎದ್ದು ನಿಂತು ಓದಿ ರುಕೂಅ್‌ಗೆ ಹೋಗುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಅವರು ಕುಳಿತರೆಂದ ಮೇಲೆ ನಮಗೆ ನಾಚಿಕೆಯೇಕೆ?

ರಂಝಾನ್‌ನಲ್ಲಿ ಇದು ಜೀವದ ಪ್ರಶ್ನೆಯೂ ಆಗುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜಿಯೊಬ್ಬರು “ಇಷ್ಟು ವರ್ಷ ಒಂದನ್ನೂ ಬಿಟ್ಟಿಲ್ಲ” ಎಂದು ವೈದ್ಯರ ಮಾತು ಮೀರಿ ಉಪವಾಸ ಹಿಡಿದರೆ, ಅದು ಅಲ್ಲಾಹನು ಕೇಳಿದ್ದಲ್ಲ. ಉಪವಾಸದ ಶಕ್ತಿ ಮರಳುವ ನಿರೀಕ್ಷೆಯಿಲ್ಲದ ವೃದ್ಧರು ದಿನಕ್ಕೊಬ್ಬ ಬಡವನಿಗೆ ಊಟ ಕೊಡಬೇಕು, ಅದೇ ಫಿದ್ಯಾ. ಪ್ರವಾದಿ(ಸ)ರ ಸೇವೆಯಲ್ಲಿ ಬೆಳೆದ ಹ. ಅನಸ್(ರ) ಮುಪ್ಪಿನಲ್ಲಿ ಒಂದೆರಡು ವರ್ಷ ಉಪವಾಸ ಬಿಟ್ಟು, ಪ್ರತಿದಿನ ಒಬ್ಬ ಬಡವನಿಗೆ ರೊಟ್ಟಿ ಮತ್ತು ಮಾಂಸ ಉಣಿಸಿದರು. ಫಿದ್ಯಾ ಸೋಲಲ್ಲ, ಆ ವಯಸ್ಸಿಗೆ ಅಲ್ಲಾಹನು ಕೊಟ್ಟ ಆರಾಧನೆ.

ಇನ್ನೂ ದೊಡ್ಡ ಸಮಾಧಾನವೊಂದಿದೆ. ದಾಸನು ರೋಗಿಯಾದರೆ ಅಥವಾ ಪ್ರಯಾಣದಲ್ಲಿದ್ದರೆ, ಆರೋಗ್ಯದಲ್ಲಿ ಊರಿನಲ್ಲಿದ್ದಾಗ ಮಾಡುತ್ತಿದ್ದ ಕರ್ಮದಷ್ಟೇ ಪ್ರತಿಫಲ ಅವನಿಗೆ ಬರೆಯಲಾಗುತ್ತದೆಂದು ಬುಖಾರಿಯ ಹದೀಸ್ ತಿಳಿಸುತ್ತದೆ. ಮುಪ್ಪಿಗೂ ಇದು ಅನ್ವಯಿಸುತ್ತದೆಂದು ಸೂರಃ ಅತ್ತೀನ್ ವಿವರಿಸುತ್ತಾ ಹಲವು ವ್ಯಾಖ್ಯಾನಕಾರರು ಹೇಳಿದ್ದಾರೆ. ಫಜ್ರ್‌ಗೆ ತಪ್ಪದೆ ಬರುತ್ತಿದ್ದವರು ಇಂದು ಹಾಸಿಗೆ ಹಿಡಿದಿದ್ದರೂ ಅವರ ಕರ್ಮಪುಸ್ತಕ ಮುಚ್ಚಿಲ್ಲ. ಹಾಗಿರುವಾಗ ಅವರು ನಿಷ್ಪ್ರಯೋಜಕರಾಗುವುದು ಹೇಗೆ?

ಇಲ್ಲಿ ನಲವತ್ತು ದಾಟಿದ ನಮ್ಮಂಥವರಿಗೂ ಪಾಠವಿದೆ. ಸೂರಃ ಅಲ್ ಅಹ್ಕಾಫ್‌ನ 15ನೇ ಸೂಕ್ತವು ನಲವತ್ತರ ವಯಸ್ಸನ್ನು ಹೆಸರಿಸಿ, ಆಗ ಮಾಡಬೇಕಾದ ದುಆದಲ್ಲಿ ತಂದೆತಾಯಿಯನ್ನೂ ಸಂತತಿಯನ್ನೂ ಸೇರಿಸುತ್ತದೆ. ಆ ವಯಸ್ಸಿನಲ್ಲಿ ನಾವು ಇಬ್ಬರ ನಡುವೆ ನಿಂತಿರುತ್ತೇವೆ. ಮುಂದೆ ಬರೆಯಲ್ಪಡಬೇಕಾದ ಕರ್ಮಗಳನ್ನು ಮಂಡಿ ಬಾಗುವಾಗಲೇ ರೂಢಿ ಮಾಡಿಕೊಳ್ಳಬೇಕು: ದಿನಕ್ಕೊಂದು ಪುಟ ಕುರ್‌ಆನ್, ವಾರಕ್ಕೊಂದು ಸಣ್ಣ ಸದಕಾ, ತಪ್ಪದ ಎರಡು ರಕಅತ್.

ಹಿರಿಯರ ಭಯವನ್ನು ಕಡಿಮೆ ಮಾಡುವ ಹೊಣೆಯೂ ನಮ್ಮದೇ. ವೃದ್ಧರಾದ ತಂದೆತಾಯಿಯ ಮುಂದೆ ‘ಉಫ್’ ಎನ್ನಬಾರದೆಂಬುದು ಸೂರಃ ಅಲ್ ಇಸ್ರಾದ ಆಜ್ಞೆ. ಅದು ಮಕ್ಕಳಿಗೆ ಕೊಟ್ಟ ಆಜ್ಞೆ. ಸೇವೆಯನ್ನೆಲ್ಲ ಸೊಸೆಯ ಹೆಗಲಿಗೆ ಹಾಕಿ ಮಗ ಅಂಗಡಿಗೆ ಹೋಗಿಬಿಟ್ಟರೆ ಅವನ ಹೊಣೆ ತೀರದು. ಗಲ್ಫ್‌ನಲ್ಲಿರುವ ಮಗ ಹಣ ಕಳುಹಿಸಿದರೆ ಸಾಲದು, ಫೋನಿನಲ್ಲಿ ಅಬ್ಬಾನ ಅಭಿಪ್ರಾಯವನ್ನೂ ಕೇಳಬೇಕು. ಮೊಮ್ಮಕ್ಕಳಿಗೆ ಸಣ್ಣ ಸೂರಃಗಳನ್ನು ಕಲಿಸುವ ಕೆಲಸವನ್ನು ದಾದಿಗೆ ಒಪ್ಪಿಸೋಣ. ಮಸೀದಿಯ ವುಝೂ ಮಾಡುವಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸೋಣ. ನರೆತ ತಲೆಯ ಮುಸ್ಲಿಮನನ್ನು ಗೌರವಿಸುವುದು ಅಲ್ಲಾಹನನ್ನು ಗೌರವಿಸುವುದರ ಭಾಗವೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಅಲ್ಲಾಹನು ನಮ್ಮ ಆಯುಷ್ಯದ ಕೊನೆಯ ಭಾಗವನ್ನು ಅತ್ಯುತ್ತಮ ಭಾಗವನ್ನಾಗಿ ಮಾಡಲಿ, ನಮ್ಮ ಹಿರಿಯರ ಸೇವೆಯ ಭಾಗ್ಯವನ್ನು ನಮಗೆ ಕರುಣಿಸಲಿ. ಆಮೀನ್.