ಬಸುರಿಯಲ್ಲಿ ಸಕ್ಕರೆ ಕಾಯಿಲೆ: ಅನ್ನ ಬಿಡಬೇಕೇ?

ಪ್ರಶ್ನೆ: ಆರನೇ ತಿಂಗಳ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚಿದೆ ಎಂದರು. ಅನ್ನ, ಕಡುಬು ಪೂರ್ತಿ ಬಿಟ್ಟು ಬರೀ ಮುದ್ದೆ ಉಣ್ಣು ಎನ್ನುತ್ತಾರೆ ಮನೆಯವರು. ಸರಿಯೇ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಪೂರ್ತಿ ಬಿಡಬೇಡಿ. ಗರ್ಭಿಣಿಗೆ ದಿನಕ್ಕೆ ಕನಿಷ್ಠ 175 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ತೀರಾ ಕಡಿಮೆ ಮಾಡಿದರೆ ದೇಹ ಕೊಬ್ಬು ಕರಗಿಸಿ ಕೀಟೋನ್ ಹುಟ್ಟಿಸುತ್ತದೆ. ಮಗುವಿಗೆ ಅದು ಹಿತವಲ್ಲ.

ಮುದ್ದೆಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು, ನಿಜ. ಆದರೆ ಅದರ ಪಿಷ್ಟ ಅಕ್ಕಿಗಿಂತ ತುಸು ಕಡಿಮೆ, ಅಷ್ಟೆ. ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರಿಯೇ ಏರುತ್ತದೆ.

ಮಾಸುಚೀಲದ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಬರುತ್ತವೆ, ಬೆಳಿಗ್ಗೆ ಇನ್ನೂ ಜೋರಾಗಿ. ಹಾಗಾಗಿ ನಮ್ಮ ಮಲೆನಾಡಿನ ತಿಂಡಿಯನ್ನೇ ಮೊದಲು ತಿದ್ದಬೇಕು: ಮೂರು ಅಕ್ಕಿರೊಟ್ಟಿಯ ಜಾಗದಲ್ಲಿ ಒಂದು, ಅದರಲ್ಲೂ ಸೊಪ್ಪು ಕಲಸಿದ್ದು, ಜೊತೆಗೆ ಕಾಳಿನ ಪಲ್ಯ ಅಥವಾ ಮೊಟ್ಟೆ. ತೆಳ್ಳನೆಯ ಗಂಜಿ ಬೇಗ ರಕ್ತಕ್ಕೆ ಇಳಿಯುವುದರಿಂದ ಬೇಡ. ಮಧ್ಯಾಹ್ನ ಒಂದು ಬಟ್ಟಲು ಅನ್ನಕ್ಕೆ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕ ಹಿಡಿಯಿರಿ. ಮೂರು ಊಟ, ನಡುವೆ ಎರಡು ಮೂರು ಚಿಕ್ಕ ತಿನಿಸು. ಉಂಡ ಮೇಲೆ ಹತ್ತು ಹದಿನೈದು ನಿಮಿಷದ ನಡಿಗೆ.

ರಕ್ತದ ಸಕ್ಕರೆ (mg/dL) ಬರಿಹೊಟ್ಟೆಯಲ್ಲಿ 95, ಉಂಡ ಎರಡು ಗಂಟೆಗೆ 120ರ ಒಳಗಿರಲಿ. ಪಥ್ಯ ಮಾಡಿಯೂ ಇಳಿಯದಿದ್ದರೆ ವೈದ್ಯರು ಇನ್ಸುಲಿನ್ ಬರೆಯುತ್ತಾರೆ, ಹೆದರಬೇಡಿ. ಅದು ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋದಾಗ ನೀವು ಉಣ್ಣುವುದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಿ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸುವುದನ್ನು ದಯವಿಟ್ಟು ಮರೆಯಬೇಡಿ.