ಮರಿಗಳ ಕಾಲಡಿಯ ಹಾಸು

ಮತ್ತಾಯನ ಶುಭಸಂದೇಶದಲ್ಲಿ ಪ್ರಭು ಯೇಸು ತಮ್ಮನ್ನು, ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವ ಹೇಂಟೆಗೆ ಹೋಲಿಸಿಕೊಂಡದ್ದನ್ನು ಪ್ರಿಯ ವಾಚಕರು ಬಲ್ಲರು. ಆದರೆ ಪೆಟ್ಟಿಗೆಯಲ್ಲಿ ಬರುವ ಗಿರಿರಾಜ, ಸ್ವರ್ಣಧಾರಾ ಮರಿಗಳಿಗೆ ಹೇಂಟೆಯಿಲ್ಲ. ಬೆಚ್ಚಗಿಡಲು ಒಂದು ವಿದ್ಯುದ್ದೀಪ, ಕಾಲಡಿಗೆ ಒಂದು ಹಾಸು, ಇವೇ ಅವುಗಳ ತಾಯಿ. ದೀಪದ ವಿಷಯವನ್ನು ಎಲ್ಲರೂ ಕೇಳುತ್ತಾರೆ. ಹಾಸಿನ ವಿಷಯ ಕೇಳುವವರು ವಿರಳ. ನಾವೂ ಕೇಳಿರಲಿಲ್ಲ.

ಮೈಲಾರದ ಸೀಮೆಯಲ್ಲಿ ಹಾಸಿಗಾಗುವ ವಸ್ತುಗಳಿಗೆ ಕೊರತೆಯಿಲ್ಲ. ತುಂಗಭದ್ರೆಯ ದಂಡೆಯಲ್ಲಿ ಭತ್ತದ ಹೊಟ್ಟು, ಕೂಡ್ಲಿಗಿ, ಕೊಟ್ಟೂರುಗಳ ಕಡೆ ಶೇಂಗಾ ಸಿಪ್ಪೆ, ಹರಪನಹಳ್ಳಿಯತ್ತ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ಪೇಟೆಗಳಲ್ಲಿ ಮರದ ಹೊಟ್ಟು. ಭರತ ಹುಣ್ಣಿಮೆಯ ಮೈಲಾರ ಜಾತ್ರೆ ಮುಗಿದು ಬಿಸಿಲೇರಿದ ಮೇಲೆ ಇವುಗಳಲ್ಲಿ ಯಾವುದನ್ನು ಹಾಕಿದರೂ ನಡೆದೀತು. ಪರೀಕ್ಷೆಯೆಲ್ಲ ಮಳೆಗಾಲದ್ದು.

ಕೆಲವು ವರ್ಷಗಳ ಹಿಂದೆ, ಒಂದು ಶ್ರಾವಣದಲ್ಲಿ, ಧರ್ಮಕೇಂದ್ರದ 5 ಬಡ ಕುಟುಂಬಗಳಿಗಾಗಿ 50 ಮರಿಗಳನ್ನು ತರಿಸಿ, 3 ವಾರ ಸಾಕಿ ಹಂಚುವ ಹೊಣೆಯನ್ನು ನಾವು ಹೊತ್ತಿದ್ದೆವು. ಮಳೆಯಲ್ಲಿ ನೆನೆದು ಮತ್ತೆ ಒಣಗಿದ್ದ ಎರಡು ಚೀಲ ಶೇಂಗಾ ಸಿಪ್ಪೆ ಪುಕ್ಕಟೆಯಾಗಿ ದೊರೆಯಿತು. ಅಂಗಳ ಗುಡಿಸುವ ತಾಯಿ ಚೀಲದ ಬಾಯಿಗೆ ಮೂಗಿಟ್ಟು, “ಮುಗ್ಗಲು ವಾಸನಿ ಐತ್ರಿ ಫಾದರ್, ಹಾಕಬ್ಯಾಡ್ರಿ” ಎಂದರು. ಒಣಗಿದೆಯಲ್ಲ, ಇನ್ನೇನು ದೋಷ ಎಂದು ನಾವು ತರ್ಕಿಸಿದೆವು. ಅರಿಸ್ಟಾಟಲನು ಕಾವಿಗಿಟ್ಟ ಮೊಟ್ಟೆಗಳನ್ನು ಒಡೆದು, ಮೂರನೆಯ ದಿನವೇ ಮರಿಯ ಹೃದಯ ರಕ್ತದ ಚುಕ್ಕೆಯಾಗಿ ಮಿಡಿಯುವುದನ್ನು ಕಣ್ಣಾರೆ ಕಂಡು ಬರೆದನೆಂದು ಗುರುಮಠದಲ್ಲಿ ಓದಿದ್ದ ನಮಗೆ, ಒಂದು ಚೀಲವನ್ನು ಮೂಸಿ ನೋಡುವ ಬುದ್ಧಿ ಬರಲಿಲ್ಲ.

ವಾರದೊಳಗೆ ಮರಿಗಳು ಬಾಯಿ ತೆರೆದು ಏದುಸಿರು ಬಿಡತೊಡಗಿದವು. 19 ಸತ್ತವು. ಪಶುವೈದ್ಯರು ಒಂದನ್ನು ಕೊಯ್ದು, ಶ್ವಾಸಕೋಶದಲ್ಲಿ ಸಾಸಿವೆಯಂಥ ಹಳದಿ ಗಂಟುಗಳನ್ನು ತೋರಿಸಿದರು. ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣಗಳು ಉಸಿರಿನೊಡನೆ ಒಳಹೊಕ್ಕಿದ್ದವು. ಒಣಗಿದ ಮಾತ್ರಕ್ಕೆ ಬೂಷ್ಟು ಸಾಯುವುದಿಲ್ಲ, ಧೂಳಾಗಿ ಹಾರುತ್ತದೆ. 5 ಮನೆಗಳವರಿಗೆ ಹೇಳಬೇಕಾದ ಮಾತನ್ನು ಭಾನುವಾರದ ಬಲಿಪೂಜೆಯ ನಂತರ ನಾವೇ ಹೇಳಿದೆವು. ಅವರು ನಮ್ಮನ್ನು ಏನೂ ಅನ್ನಲಿಲ್ಲ; ಅಂದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಮಳೆಗಾಲಕ್ಕೆ ನಮ್ಮ ಮೊದಲ ಆಯ್ಕೆ ಹೊಸ ಭತ್ತದ ಹೊಟ್ಟು. ಶೇಂಗಾ ಸಿಪ್ಪೆಯೂ ಒಳ್ಳೆಯದೇ, ಮಳೆ ಕಂಡಿರಬಾರದಷ್ಟೆ. ಬೆಂಡನ್ನು ಸಣ್ಣಗೆ ಪುಡಿಮಾಡದೆ ಹಾಕಿದರೆ ತೇವವನ್ನು ಸರಿಯಾಗಿ ಹೀರದು. ಮರದ ಹೊಟ್ಟು ಚೆನ್ನಾಗಿ ಹೀರುತ್ತದೆ, ಆದರೆ ನುಣ್ಣನೆಯದನ್ನು ಎಳೆಮರಿ ಆಹಾರವೆಂದು ನುಂಗುತ್ತದೆ. ಹಾಸನ್ನು 2 ಅಂಗುಲ ದಪ್ಪಕ್ಕೆ ಹರವಿ, ಮೊದಲ ಎರಡು ಮೂರು ದಿನ ಮೇಲೆ ಹಳೆಯ ವೃತ್ತಪತ್ರಿಕೆ ಹಾಸುವುದು ವಾಡಿಕೆ. (ಈ ಅಂಕಣವೂ ಅಲ್ಲಿಗೇ ಸಲ್ಲುವುದೆಂದು ಬಲ್ಲೆವು.) ಬಳಿಕ ಆಗಾಗ ಕೆದಕಿ ಮಗುಚಬೇಕು. ಮುಷ್ಟಿಯಲ್ಲಿ ಒತ್ತಿ ಬಿಟ್ಟಾಗ ಹಾಸು ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಾಗಿದೆ ಎಂದರ್ಥ. ರಕ್ತಭೇದಿ ತರುವ ಕಾಕ್ಸಿಡಿಯಾ ಬಲಿಯುವುದು ಆ ತೇವದಲ್ಲಿಯೇ. ನೀರಿನ ಬಟ್ಟಲಿನ ಸುತ್ತಲಿನದನ್ನಂತೂ ನೆನೆದ ಕೂಡಲೇ ಬದಲಿಸಬೇಕು. ಅಮೋನಿಯದ ನಾತವನ್ನು ನಿಂತು ಪರೀಕ್ಷಿಸಿದರೆ ತಿಳಿಯದು, ಮರಿಯ ಎತ್ತರಕ್ಕೆ ಮೊಣಕಾಲೂರಬೇಕು. ಆ ಭಂಗಿ ನಮ್ಮಂಥವರಿಗೆ ಹೊಸದೇನಲ್ಲ.

ಸತ್ತ ಮರಿಗಳ ಬದಲಿಗೆ ನಮ್ಮ ಖರ್ಚಿನಲ್ಲಿ ಬೇರೆ ತಂದುಕೊಟ್ಟೆವು. ಈಗ ಯಾವ ಚೀಲ ಬಂದರೂ ಮೊದಲು ಆ ತಾಯಿಯ ಬಳಿಗೆ ಹೋಗುತ್ತದೆ. ಕಳೆದ ಮಳೆಗಾಲದಲ್ಲಿ ಬಂದ ಮೂರು ಚೀಲಗಳಲ್ಲಿ ಒಂದನ್ನು ಅವರು ಗೇಟಿನಿಂದಲೇ ಹಿಂದಕ್ಕೆ ಕಳುಹಿಸಿದರು.