ಹಟ್ಟಿಯ ಅನಿಲ, ತಂತಿಯ ರೈಲು

ಕೋಲಾರದ ಎಪಿಎಂಸಿಯಿಂದ ಟೊಮೆಟೊ ಹೇರಿಕೊಂಡು ಹೊರರಾಜ್ಯಗಳಿಗೆ ಓಡುವ ಲಾರಿಗಳ ಹೊಟ್ಟೆಗೆ ಬೀಳುವುದು ಡೀಸೆಲ್. ಅದರ ಬದಲು ನೈಸರ್ಗಿಕ ಅನಿಲ ತುಂಬಿಸಬಹುದೇ?

ಈ ಅನಿಲದ ಬಹುಪಾಲು ಮೀಥೇನ್: ಒಂದು ಇಂಗಾಲ, ನಾಲ್ಕು ಜಲಜನಕ. ಇಂಗಾಲ ಕಡಿಮೆಯಾದ್ದರಿಂದ ಅಷ್ಟೇ ಶಾಖಕ್ಕೆ ಡೀಸೆಲ್‌ಗಿಂತ ಕಡಿಮೆ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ, ಮಸಿಯೂ ಅಷ್ಟಕ್ಕಷ್ಟೆ. ತೊಡಕಿರುವುದು ಜಾಗದಲ್ಲಿ. 200 ಬಾರ್ ಒತ್ತಡಕ್ಕೆ ಅದುಮಿ ಸಿಎನ್‌ಜಿ ಮಾಡಿದರೂ ಒಂದು ಲೀಟರಿನಲ್ಲಿ ಸಿಗುವ ಶಕ್ತಿ ಡೀಸೆಲಿನ ಕಾಲು ಭಾಗದಷ್ಟೇ. ಊರೂರಿನ ಹಾಲು ತರುವ ವಾಹನಕ್ಕೆ ಅಷ್ಟು ಸಾಕು. ದೂರದ ಲಾರಿಗೆ ಮೈನಸ್ 162 ಡಿಗ್ರಿಗೆ ತಣಿಸಿ ದ್ರವವಾಗಿಸಿದ ಎಲ್‌ಎನ್‌ಜಿ ಬೇಕು. ಆಗ ಅನಿಲದ ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಮಹಾರಾಷ್ಟ್ರದ ದಾಭೋಲ್‌ನಿಂದ ಗೇಲ್ ಕಂಪನಿಯ ಕೊಳವೆಯ ಅನಿಲ ಬೆಂಗಳೂರು ಮುಟ್ಟಿದ್ದು 2013ರಲ್ಲಿ. ಆದರೆ ಕೋಲಾರದ ಕ್ಯಾಲನೂರಿನಂಥ ಊರುಗಳ ಹಟ್ಟಿಗಳಲ್ಲೇ ಮೀಥೇನ್ ಇದೆ. ಸಗಣಿ ಕೊಳೆತು ಬರುವ ಅನಿಲದಲ್ಲಿ ಅದರ ಪಾಲು ಅರ್ಧಕ್ಕಿಂತ ಹೆಚ್ಚು. ಉಳಿದ ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್‌ಗಳನ್ನು ಬೇರ್ಪಡಿಸಿದರೆ ಸಿಎನ್‌ಜಿ ಎಂಜಿನ್ನಿಗೇ ಹಾಕಬಹುದು, ಬಗ್ಗಡ ಹೊಲಕ್ಕೆ. ಕೇಂದ್ರದ 'ಸತತ್' ಯೋಜನೆ 2018ರಲ್ಲಿ ಹೊರಟಿದ್ದೂ ಇದಕ್ಕೇ. ಹಾಲು ಮಾರಿ ಬದುಕುವ ಜಿಲ್ಲೆಗೆ ಇದು ಕೊಳವೆಗಿಂತ ಹತ್ತಿರದ ದಾರಿ ಎಂದು ನನ್ನ ಎಣಿಕೆ. ಸಗಣಿ ಒಟ್ಟುಮಾಡುವ ಸಾಗಣೆ ಖರ್ಚು ಗಿಟ್ಟಬೇಕು, ಸೋರಿಕೆಯೂ ಆಗಕೂಡದು: ಸುಡದೆ ಗಾಳಿ ಸೇರಿದ ಮೀಥೇನ್, ನೂರು ವರ್ಷಗಳ ಲೆಕ್ಕದಲ್ಲಿ, ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿಯೇರಿಸುತ್ತದೆ.

ಅನಿಲದಿಂದ ರೈಲೂ ಓಡುತ್ತದೆ. 2015ರಲ್ಲಿ ಹರಿಯಾಣದ ರೇವಾರಿ–ರೋಹ್ಟಕ್ ನಡುವೆ ಡೀಸೆಲ್ ಜೊತೆ ಸಿಎನ್‌ಜಿ ಉರಿಸುವ ರೈಲು ಹೊರಟಿತು. ಆದರೆ ಚೆನ್ನೈ–ಬೆಂಗಳೂರು–ಮೈಸೂರು ನಡುವೆ, ಕೋಲಾರವನ್ನೂ ಸೇರಿಸಿ ಪ್ರಸ್ತಾಪವಾಗಿರುವ ಸುಮಾರು 435 ಕಿ.ಮೀ. ಹೈಸ್ಪೀಡ್ ಮಾರ್ಗಕ್ಕೆ ಅದು ಒಗ್ಗದು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದನ್ನು ಸೀಳಲು ಬೇಕಾದ ಎಂಜಿನ್ ಸಾಮರ್ಥ್ಯ ಎಂಟು ಪಟ್ಟು. ಗಂಟೆಗೆ 320 ಕಿ.ಮೀ. ಓಡುವ ರೈಲು ಅಷ್ಟಕ್ಕೆ ಬೇಕಾದ ಇಂಧನ ಹೊತ್ತುಕೊಂಡು ಓಡುವುದಕ್ಕಿಂತ ತಲೆಮೇಲಿನ 25,000 ವೋಲ್ಟ್ ತಂತಿಯಿಂದ ವಿದ್ಯುತ್ ಎಳೆಯುವುದೇ ಲೇಸು. ದೂರದ ವಿದ್ಯುತ್ತು ಈ ಸೀಮೆಗೆ ಹೊಸದಲ್ಲ; 1902ರಲ್ಲೇ ಶಿವನಸಮುದ್ರದಿಂದ 147 ಕಿ.ಮೀ. ತಂತಿ ಕೋಲಾರ ಚಿನ್ನದ ಗಣಿಗೆ ಬಂದಿತ್ತು.

ಇಂಥ ರೈಲು ಪೂರ್ತಿ ವೇಗಕ್ಕೇರಲು ಹಲವು ಕಿಲೋಮೀಟರ್ ಬೇಕು, ನಿಲ್ಲಲೂ ಬೇಕು. ಒಂದೊಂದು ನಿಲುಗಡೆಯೂ ಕೆಲವು ನಿಮಿಷ ತಿನ್ನುವುದರಿಂದ, ಮಾರ್ಗ ಬಂದರೂ ಎಲ್ಲ ರೈಲುಗಳೂ ಕೋಲಾರದಲ್ಲಿ ನಿಲ್ಲುವುದು ಅನುಮಾನ.